ಬಿರುಕಿನ ಮೇಲಿನ ಗಾಜು

ಗಂಡ ತೀರಿಕೊಂಡರೆಂದು ಆಸ್ಪತ್ರೆಯಿಂದ ಸುದ್ದಿ ಬಂದ ದಿನ, ತಾಯಿಯ ಕಣ್ಣು ಅಡುಗೆಮನೆ ಗೋಡೆಯ ಬಿರುಕಿನ ಮೇಲೆಯೇ ನೆಟ್ಟಿತ್ತು. ಬಾಡಿಗೆಗಿದ್ದ ಮನೆಯನ್ನೇ ಕೊಳ್ಳುವ ಆಸೆಯಿಂದ, ಗಾರೆ ಕೆಲಸದವರಾಗಿದ್ದ ಅವರು ಆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಿದ್ದರು.

ತಿಂಗಳ ನಂತರ, ಬ್ಯಾಂಕಿನ ಎಂಜಿನಿಯರ್ ಮನೆಗೆ ಬೆಲೆ ಕಟ್ಟಲು ಬರುವ ಹೊತ್ತಿಗೆ ಮಗಳು ದೇವರ ಪಟ ಹಿಡಿದು ಬಂದಳು. "ಬಿರುಕು ಕಂಡ್ರೆ ಸಾಲ ಸಿಗಲ್ಲಮ್ಮ. ಇದನ್ನ ಅಲ್ಲಿ ತೂಗುಹಾಕೋಣ."

"ದೇವರನ್ನ ಸುಳ್ಳಿಗೆ ಕಾವಲಿಡ್ತೀಯೇನೇ? ಒಳಗಿಡು."

ಎಂಜಿನಿಯರ್ ಗಾಜಿನ ಮೇಲೆ ಬೆರಳಾಡಿಸಿದರು. "ಯಾವಾಗ ಕೂರಿಸಿದ್ದು?"

"ಹೋದ ವರ್ಷ, ನಮ್ಮ ಯಜಮಾನ್ರು."

"ಗೋಡೆ ಕದಲಿದ್ರೆ ಇದು ಒಡೆದೇ ಹೋಗ್ತಿತ್ತು. ಹಳೇ ಬಿರುಕಮ್ಮ, ಈಗ ಬೆಳೀತಿಲ್ಲ. ಸಾಲಕ್ಕೇನೂ ಅಡ್ಡಿಯಿಲ್ಲ."

ತಾಯಿ ಆ ಗಾಜಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದರು. "ದೇವರೇ, ನಮಗೊಂದು ನೆಲೆ ಮಾಡಿಕೊಟ್ಟ ಆ ಜೀವಕ್ಕೆ ಶಾಂತಿ ಕೊಡಪ್ಪ."