ಹಿಂದಿನ ಸೀಟು

ಬಾನೆಟ್ ಎತ್ತಿ ನಿಲ್ಲಿಸಿದ್ದರೂ ಕಾರು ಕೊಳ್ಳಲು ಬಂದಿದ್ದ ಗಿಡ್ಡಪ್ಪ ಇಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಅಂಗೈ ಊರಿ ನಿಂತಿದ್ದ. ಕಾರಿನ ಯಜಮಾನ ಹಾಲೇಶಪ್ಪ ಬಾನೆಟ್ ಬಿಟ್ಟು ಅವನತ್ತ ಧಾವಿಸಿದ.

“ಮುಂದಿನ ಸೀಟು ಹಳೇದು, ಹಿಂದಿಂದು ಮಾತ್ರ ಹೊಸಾದು. ಯಾಕ್ರಿ?”

“ಇಲಿ ಕಡಿದಿದ್ವು. ರೆಕ್ಸಿನ್ ಬದಲಿಸ್ದೆ.”

ಈ ಉತ್ತರವನ್ನು ಅವನು ಮೊದಲೇ ಬಾಯಿಪಾಠ ಮಾಡಿಟ್ಟಿದ್ದ.

ಕಾರೇನೂ ಸಾಮಾನ್ಯದ್ದಲ್ಲ. ವಿಲಾಯಿತಿಯಿಂದ ಹಡಗು ಹತ್ತಿ ಬಂದ ಪುಟ್ಟ ಕರಿ ಕಾರು. ದಾವಣಗೆರೆಯಲ್ಲಿ ಅಂಥವು ಬೆರಳೆಣಿಕೆಯಷ್ಟು. ಹತ್ತಿ ವ್ಯಾಪಾರದ ಹಾಲೇಶಪ್ಪ ಅದಕ್ಕೆ ಮಳೆ ಬಿಸಿಲು ತಾಕದಂತೆ ನೋಡಿಕೊಂಡಿದ್ದ. ಆದರೆ ಕಳೆದ ಬೇಸಿಗೆಯಲ್ಲಿ ರಸ್ತೆ ಬದಿ ಬಿದ್ದಿದ್ದ ಗಾಯಾಳು ಒಬ್ಬನನ್ನು ಅದರಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಪೊಲೀಸು, ಸಾಕ್ಷಿ, ಕೋರ್ಟು ಎಂದು ಹೆದರಿ ಹಾಲೇಶಪ್ಪ ಹೆಣ ಅಲ್ಲಿ ಒಪ್ಪಿಸಿ, ಹೆಸರೂ ಹೇಳದೆ ಮನೆಗೆ ಬಂದುಬಿಟ್ಟ. ಹೆಂಡತಿಯ ಮುಂದೆ ಮಾತ್ರ ಎಲ್ಲ ಹೇಳಿಕೊಂಡ.

ಹೇಳಿಕೊಂಡದ್ದೇ ತಪ್ಪಾಯಿತು. ಹರಿಹರದ ತವರಿಗೆ ಬಾಣಂತನಕ್ಕೆ ಹೋದ ಕೊಟ್ರವ್ವ ಅಲ್ಲಿಂದಲೇ ಖಡಾಖಂಡಿತವಾಗಿ ಹೇಳಿದ್ದಳು: “ಸಾವಾದ ಕಾರು ಬಾಗಿಲಾಗೆ ಇರೋತನಕ ಕೂಸು ಕರ್ಕೊಂಡು ನಾ ಆ ಮನಿ ಹೊಸಲು ತುಳಿಯಲ್ಲ.” ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗಳು. ಹಾಲೇಶಪ್ಪ ಅವಳನ್ನು ಇನ್ನೂ ಕಣ್ತುಂಬ ನೋಡಿಯೂ ಇರಲಿಲ್ಲ. ಮೊದಲು ಬಂದ ಗಿರಾಕಿಗೆ ಇದ್ದದ್ದು ಇದ್ದ ಹಾಗೆ ಹೇಳಿ ನೋಡಿದ. ಆ ಮಹರಾಯ ಕೊಟ್ಟ ಕಾಫಿ ಅಲ್ಲೇ ಬಿಟ್ಟು, ಕಾಲು ತೊಳೆಯಲು ನೀರು ಕೇಳಿ, ತೊಳೆದುಕೊಂಡು ಹೋದ. ಇನ್ನು ನಿಜ ಹೇಳಬಾರದೆಂದು ಹಾಲೇಶಪ್ಪ ಅಂದೇ ತೀರ್ಮಾನಿಸಿದ.

“ಯಾರ ಸಲುವಾಗಿ ಕಾರು?” ಎಂದು ಮಾತು ತಿರುಗಿಸಿದ.

“ಮಗನ ಸಲುವಾಗಿ. ನಡೀರಿ, ಹರಿಹರದ ತನಕ ಓಡಿಸಿ ನೋಡಾಣ. ನನ್ನೂರು ಅದರ ಪಕ್ಕದ ಗುತ್ತೂರು, ಹರಿಹರದಾಗೇ ಇಳ್ಕೊಂತೀನಿ.”

ಕಾರು ನೋಡಲು ಬಂದವನು ಮುಂದೆ ಕೂತು ಗೇರು, ಬ್ರೇಕು ನೋಡಬೇಕು. ಇಂಜಿನ್ ಸದ್ದಿಗೆ ಕಿವಿ ಕೊಡಬೇಕು. ಈತ ಹಿಂದೆ ಹೋಗಿ ಕೂತ. ರೇಟಿನ ಮಾತೇ ಎತ್ತಲಿಲ್ಲ. ಕನ್ನಡಿಯಲ್ಲಿ ಅವನ ದಪ್ಪ ಮೀಸೆ ಕಾಣುತ್ತಿತ್ತು. ಪಂಚೆ ಉಟ್ಟವರೆಲ್ಲ ರೈತರೇ ಆಗಬೇಕೇ? ಮಫ್ತಿಯಲ್ಲಿ ಬಂದ ಪೊಲೀಸಿನವನಾಗಿದ್ದರೆ? ಹಾಲೇಶಪ್ಪ ರಸ್ತೆಯ ಕಡೆ ಕಣ್ಣು ತಿರುಗಿಸಿ ಕಾರಿನ ವೇಗ ಹೆಚ್ಚಿಸಿದ.

“ಅರ್ಧ ದಾರಿಯಾಗೆ ಕೈ ಕೊಡಂಗಿಲ್ಲ ಅಲ್ರಿ?”

“ಇಲ್ಲಿತನಕ ಒಂದು ದಿನಾನೂ ನಿಂತಿಲ್ಲ.”

“ಅವಸರಕ್ಕೆ ಜೋರಾಗಿ ಹೊಡೆದು ನೋಡೀರೇನು?”

“ಹ್ಞಾಂ… ಒಮ್ಮೆ.”

“ಒಬ್ಬ ಆಳು ಈ ಸೀಟ್ನಾಗೆ ಉದ್ದಕ್ಕೆ ಮಲಗಬೋದಾ?”

“ಕಾಲು ಮಡಚ್ಕಂಡ್ರೆ ಮಲಗಬೋದು,” ಎಂದುಬಿಟ್ಟ ಹಾಲೇಶಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ದಾರಿಯಲ್ಲಿ ಬಾತಿ ಎಂಬ ಹಳ್ಳಿ ದಾಟುತ್ತಿದ್ದಂತೆ ಗಿಡ್ಡಪ್ಪ ಭುಜ ತಟ್ಟಿದ. “ಇಲ್ಲಿ ನಿಲ್ಸ್ರಿ.”

ಗಾಯಾಳುವನ್ನು ಎತ್ತಿಕೊಳ್ಳಲು ಆ ದಿನ ಕಾರು ನಿಲ್ಲಿಸಿದ್ದ ಜಾಗ ಅಲ್ಲಿಂದ ಕೂಗಳತೆ ದೂರದಲ್ಲಿತ್ತು.

“ಯಾಕ್ರಿ?”

“ಬಂದ್ ಮಾಡಿ ತಿರುಗಾ ಶುರು ಮಾಡ್ರಿ, ನೋಡಾಣ.”

ಮಾಡಿದ. ಒಂದೇ ಏಟಿಗೆ ಇಂಜಿನ್ ಶುರುವಾಯಿತು. ಗಿಡ್ಡಪ್ಪ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಕಿಟಕಿಯಿಂದ ರಸ್ತೆಯ ಅಂಚನ್ನೇ ದಿಟ್ಟಿಸುತ್ತಿದ್ದ. ಹರಿಹರ ಬಂದಾಗ ಹಾಲೇಶಪ್ಪನಿಗೆ ಅರ್ಧ ಜೀವ ಬಂದಂತಾಯಿತು. ಇನ್ನೆರಡು ಓಣಿ ದಾಟಿದರೆ ಅತ್ತೆಯ ಮನೆ. ವ್ಯಾಪಾರ ಕುದುರಿದರೆ ನಾಳೆಯೇ ತಾಯಿ ಮಗುವನ್ನು ರೈಲಿನಲ್ಲಿ ಕರೆದುಕೊಂಡು ಹೋಗಬಹುದು.

“ಕೊನೇದೊಂದು ಮಾತು ಕೇಳ್ತೀನಿ,” ಎಂದ ಗಿಡ್ಡಪ್ಪ. “ಈ ಕಾರಿನಾಗೆ ಯಾರಾದ್ರೂ ಜೀವ ಬಿಟ್ಟಾರೇನ್ರಿ?”

“ಇಲ್ಲ.”

“ಖರೇನಾ? ನನ್ನ ಮುಖ ನೋಡಿ ಹೇಳ್ರಿ.”

ಹಾಲೇಶಪ್ಪ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದ. ಇಷ್ಟು ದೂರ ಬಂದು ಈಗ ಕೆಡಿಸಿಕೊಳ್ಳುವುದು ಅವನಿಂದ ಆಗಲಿಲ್ಲ. “ನನ್ನ ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿಲ್ರಿ. ಆ ಕೂಸಿನ ಮೇಲೆ ಆಣೆ ಮಾಡಿ ಹೇಳ್ತೀನಿ, ಇದರಾಗೆ ಯಾರೂ ಸತ್ತಿಲ್ಲ.”

ಹೇಳಿದ ಕ್ಷಣವೇ ಮನಸ್ಸಿನಲ್ಲೇ ಹರಿಹರೇಶ್ವರನಿಗೆ ತಪ್ಪು ಕಾಣಿಕೆ ಕಟ್ಟಿಕೊಂಡ. ಗಿಡ್ಡಪ್ಪ ಸೀಟಿನಿಂದ ಕೈ ತೆಗೆದ, ಬಾಗಿಲು ತೆರೆದು ನಿಧಾನ ಇಳಿದ.

“ಹಂಗಾದ್ರೆ ಬ್ಯಾಡ ಬಿಡ್ರಿ.”

“ಯಾಕ್ರಿ? ಏನು ಐಬು ಕಂಡ್ರಿ?”

“ಕಾರಿಗೇನೂ ಐಬಿಲ್ಲ. ನಾ ಹುಡುಕ್ತಿರೋದು ಇದಲ್ಲ, ಅಷ್ಟೇ.” ಗಿಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಬಾತಿ ಹತ್ರ ನನ್ನ ಮಗನಿಗೆ ಲಾರಿ ಬಡೀತು. ಇಂಥದೇ ಸಣ್ಣ ಕರಿ ಕಾರಿನೋರು ದವಾಖಾನಿಗೆ ಒಯ್ದ್ರಂತೆ. ‘ಇಷ್ಟೊತ್ತು ಮಾತಾಡ್ತಿದ್ದ’ ಅಂತ ಅಲ್ಲಿ ಹೇಳಿ, ಹೆಸರು ಹೇಳ್ದಂಗೆ ಹೋದ್ರಂತೆ. ನೆಟ್ಟಗೆ ಕೇಳಿದ್ರೆ ಪೊಲೀಸರಿಗೆ ಹೆದರಿ ಯಾರೂ ಬಾಯಿ ಬಿಡಲ್ಲ. ಆದ್ರೆ ಸಾವಾದ ಕಾರು ಯಾರೂ ಮನಿಯಾಗೆ ಇಟ್ಕೊಳ್ಳಲ್ಲ, ಇವತ್ತಲ್ಲ ನಾಳೆ ಮಾರ್ತಾರೆ. ಅದಕ್ಕೇ ಮಾರೋ ಕಾರೆಲ್ಲಾ ನೋಡ್ತಾ ಬಂದೀನಿ. ಆ ಪುಣ್ಯಾತ್ಮನ ಕಾಲು ಹಿಡೀಬೇಕು. ನನ್ನ ಮಗ ಕೊನೆಗೆ ಏನಂದ ಅಂತ ಕೇಳಬೇಕು.”

ಏನಂದನೆಂದು ಹಾಲೇಶಪ್ಪನಿಗೆ ಗೊತ್ತಿತ್ತು. ಒಂದೊಂದು ಮಾತೂ ಗೊತ್ತಿತ್ತು. ಹೇಳಲೆಂದು ಬಾಯಿ ತೆರೆದ. ಬಟ್ಟೆಯಲ್ಲಿ ಸುತ್ತಿದ ಮಗಳ ಕೆಂಪು ಮುಖ ಕಣ್ಣಿಗೆ ಕಟ್ಟಿತು. ಮುಂದಕ್ಕೆ ತಿರುಗಿ ಸ್ಟಿಯರಿಂಗ್ ಹಿಡಿದು ಕೂತ.

ಗಿಡ್ಡಪ್ಪ ಕೈ ಮುಗಿದ. “ಇದೇ ಕಾರು ಅಂತ ನನ್ನ ಮನಸ್ಸು ಒಂದೇ ಸಮನೆ ಹೇಳ್ತಿತ್ರಿ. ಆದ್ರೆ ಹೆತ್ತ ಕೂಸಿನ ಮೇಲೆ ಯಾರಾದ್ರೂ ಸುಳ್ಳು ಆಣೆ ಮಾಡ್ತಾರೇನ್ರಿ?”