ಅಕ್ಕ ನಿಲ್ಲುವ ಜಾಗ

ಕ್ಯೋಟೋದ ಆ ಗಲ್ಲಿಯಲ್ಲಿ ಸಂಜೆ ಐದಕ್ಕೆ ಬೀದಿದೀಪಗಳ ಜೊತೆಗೆ ತೀರಿಹೋದ ಗೀಷಾಗಳನ್ನೂ, ಹಾಡು-ಕುಣಿತದ ಆ ಕಲಾವಿದೆಯರನ್ನೂ, ಹಚ್ಚುತ್ತಾರೆ. ಬದುಕಿದ್ದಾಗ ಅವರು ನಡೆದ, ಚಿತ್ರದಲ್ಲಿ ಸೆರೆಯಾಗಿ ಉಳಿದ ಒಂದೊಂದು ಸಂಜೆ ಬೆಳಕಾಗಿ ಮತ್ತೆ ನಡೆದುಹೋಗುತ್ತದೆ. ನೋಡಲು ಹೋದ ನಮ್ಮ ಗುಂಪಿಗೆ ಎಪ್ಪತ್ತು ದಾಟಿದ ಚಿಯೆಕೊ ಗೈಡ್. ಅವರ ಮಾತನ್ನು ಕಿವಿಯ ಯಂತ್ರ ಕನ್ನಡದಲ್ಲಿ ಹೇಳುತ್ತಿತ್ತು.

ಬಿಳಿ ಬಣ್ಣ ಬಳಿದ ಮುಖದ ಒಬ್ಬಳು ಬಂದಳು. ಸೇತುವೆಯ ಬಳಿ ತಟಕ್ಕನೆ ಹಿಂತಿರುಗಿ ನಿಂತಳು. ಚಿಯೆಕೊ ಕೊಡೆ ಮಡಚಿ, ಅವಳೆದುರು ಸೊಂಟ ಬಗ್ಗಿಸಿ ವಂದಿಸಿದರು.

"ಅದು ಬರೀ ಬೆಳಕಲ್ಲವೇನಮ್ಮಾ?" ಎಂದರು ನಮ್ಮ ಜೊತೆಗಿದ್ದ ವಿರೂಪಾಕ್ಷಪ್ಪ. ನನಗೂ ನಗು ಬಂದಿತ್ತು.

ಚಿಯೆಕೊ ಬಗ್ಗಿಕೊಂಡೇ ಹೇಳಿದರು: "ನಾನೂ ಗೀಷಾ ಮನೆಗೆ ಸೇರಿದ್ದವಳು. ನಮ್ಮಲ್ಲಿ ಒಂದು ದಿನ ಮೊದಲು ಸೇರಿದವರೂ ಅಕ್ಕನೇ. ಎದುರಾದರೆ ತಂಗಿ ಮೊದಲು ವಂದಿಸಬೇಕು. ಆಗ ನನಗೆ ಹದಿನಾರು. ಬೆಳಿಗ್ಗೆ ಈ ಅಕ್ಕ ಬೈದಿದ್ದರೆಂಬ ಸಿಟ್ಟಿಗೆ ಕಂಡರೂ ಕಾಣದ ಹಾಗೆ ಹೋಗಿಬಿಟ್ಟೆ. ಅಕ್ಕ ಇಲ್ಲೇ ನಿಂತು ಕಾದರು. ಅವರದೆಂದು ಬೆಳಕಾಗಿ ಉಳಿದಿರುವುದು ಅದೊಂದೇ ಸಂಜೆ."

ಅಕ್ಕನ ನೋಟ ಬಗ್ಗಿದ ಮುದುಕಿಯ ಮೇಲಿಂದ ಹಾದು, ಹುಡುಗಿಯೊಬ್ಬಳು ಎಂದೋ ಮರೆಯಾದ ತಿರುವಿನ ಕಡೆಗಿತ್ತು. ಅಕ್ಕ ಇನ್ನೊಂದು ಗಳಿಗೆ ಕಾದರು. ಆಮೇಲೆ, ವಂದನೆ ಸಿಗದೆ, ಮುಂದೆ ನಡೆದರು.