ಇತರೆಗೊಂದು ಟಿಕೆಟ್

ಬಜೆಟ್ ಪುಸ್ತಕದಲ್ಲಿ ಅಚ್ಚಾಗದ ಊರಿನ ಹೆಸರು ಏಪ್ರಿಲ್ ಒಂದಕ್ಕೆ ಎಲ್ಲರ ನೆನಪಿನಿಂದಲೂ ಕಾಗದಗಳಿಂದಲೂ ಅಳಿಸಿಹೋಗುತ್ತದೆ. ರಾಜ್ಯದ ಹಣಕಾಸು ಅಧ್ಯಯನ ಮಾಡುವ ನನಗಿದು ಗೊತ್ತಿರಲಿಲ್ಲವೇ? ಆದರೂ ಬಜೆಟ್‌ಗೆಂದು ನಾನು ಮಾಡಿಕೊಟ್ಟ ಕೋಷ್ಟಕ ಒಂದೇ ಪುಟದಲ್ಲಿ ಚಂದ ಕೂರಲೆಂದು ಹನ್ನೊಂದು ಸಣ್ಣ ಊರುಗಳನ್ನು ‘ಇತರೆ’ಗೆ ಸೇರಿಸಿದ್ದೆ. ಸರ್ಕಾರ ಹಾಗೇ ಅಚ್ಚು ಹಾಕಿಸಿತು.

ಮೊನ್ನೆ ವಿಜಯಪುರದ ಬಸ್ಸಿನಲ್ಲಿ ಮುದುಕಿಯೊಬ್ಬಳು ಕಂಡಕ್ಟರನಿಗೆ, “ಇತರೆಗೊಂದು ಟಿಕೆಟ್ ಕೊಡೋ ತಮ್ಮಾ,” ಅಂದಳು. ಅವನು ಎಂದಿನಂತೆ ಹರಿದುಕೊಟ್ಟ.

ಅವಳೇ, ಅವಳ ಊರಿಗೆ ಸರ್ವೆಗೆ ಹೋದಾಗ ನನಗೆ ರೊಟ್ಟಿ ಬಡಿಸಿದ್ದ ನೀಲವ್ವ. ನನ್ನ ಗುರುತು ಹಿಡಿದಳು.

“ಅಕ್ಕಾರ, ನಮ್ಮೂರ ಹೆಸರು ನೀವು ಬರಕೊಂಡಿದ್ರಲ್ಲಾ, ಏನಿತ್ರೀ ಅದು?”

ಡೈರಿ ತೆಗೆದೆ. ಅವಳ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಬರೆದಿದ್ದೆ. ಊರಿನ ಹೆಸರಿದ್ದ ಜಾಗ ಖಾಲಿಯಿತ್ತು.

“ಸಾವಕಾಶ ಹುಡುಕ್ರಿ,” ಅಂದಳು ನೀಲವ್ವ. “ಮೊಮ್ಮಗಳ ಲಗ್ನಪತ್ರಿಕ್ಯಾಗ ಹಾಕಸಬೇಕ್ರೀ.”